ಮೆಲ್ಲನೆಯ ಮುಷ್ಟಿವಿದ್ಯೆ

ನಮ್ಮ ವಾಚಕರಾದ ಗೃಹಸ್ಥರೊಬ್ಬರು ಬರೆದ ಕಾಗದವು ಈ ತಿಂಗಳ ನಮ್ಮ ಬರಹಕ್ಕೆ ಕಾರಣವಾಗಿದೆ. ಚೀನಾದೇಶದ ಉದ್ಯಾನಗಳಲ್ಲಿ ಬೆಳಗಿನ ಹೊತ್ತು ನೆರೆದ ವೃದ್ಧ ಸ್ತ್ರೀಪುರುಷರು, ನೀರಿನೊಳಗೆ ನಡೆಯುವವರಂತೆ ಮೆಲ್ಲಮೆಲ್ಲನೆ ಕೈಕಾಲುಗಳನ್ನಾಡಿಸುವುದನ್ನು ಅವರು ಚಲಚ್ಚಿತ್ರವೊಂದರಲ್ಲಿ ಕಂಡರಂತೆ. ಅದು ಯುದ್ಧವಿದ್ಯೆಯೆಂದು ಅವರ ಮೊಮ್ಮಗನು ಹೇಳಿದನಂತೆ. ‘ಇಷ್ಟು ಮೆಲ್ಲಗೆ ಹೊಡೆಯಹೋದರೆ, ಹೊಡೆಸಿಕೊಳ್ಳುವವನು ಅಷ್ಟು ಹೊತ್ತು ಕಾದು ನಿಂತಿರುತ್ತಾನೆಯೇ? ಇದನ್ನು ಚೀನೀಯರಿಗೆ ಕಲಿಸಿದವನು ನಮ್ಮ ದೇಶದ ಬೋಧಿಧರ್ಮನೆಂದು ಹೇಳುತ್ತಾರಲ್ಲ, ಅದು ನಿಜವೇ? ಅರುವತ್ತು ದಾಟಿದ ನಮ್ಮಂಥವರಿಗೆ ಇದರಿಂದ ಪ್ರಯೋಜನವೇನಾದರೂ ಉಂಟೇ?’ ಎಂದು ಕೇಳಿದ್ದಾರೆ. ಪ್ರಶ್ನೆಗಳು ಮೂರು, ಮೂರೂ ಉತ್ತರಕ್ಕೆ ಅರ್ಹವಾದುವೇ. ಆದರೆ ನಡುವಿನ ಪ್ರಶ್ನೆಯನ್ನು ಮೊದಲು ತೀರಿಸಿಕೊಳ್ಳುವುದು ಲೇಸು. ಏತಕ್ಕೆಂದರೆ, ವಿದ್ಯೆಯೊಂದರ ಹುಟ್ಟಿನ ವಿಷಯದಲ್ಲಿ ನಾವು ಹುಸಿಯನ್ನು ನಂಬಿದೆವಾದರೆ, ಅದರ ಫಲದ ವಿಷಯದಲ್ಲಿಯೂ ಹುಸಿಯನ್ನು ನಂಬಲು ಸಿದ್ಧರಾಗುತ್ತೇವೆ.

ಮೊದಲು ಹೆಸರನ್ನು ನೋಡೋಣ. ಲೋಕದಲ್ಲಿ ‘ತಾಯ್ ಚೀ’ ಎಂದು ಪ್ರಸಿದ್ಧವಾಗಿರುವ ಈ ವಿದ್ಯೆಯ ಪೂರ್ಣವಾದ ಹೆಸರು ‘ತಾಯ್‌ಜೀ ಚ್ವಾನ್’. ‘ತಾಯ್’ ಎಂದರೆ ಪರಮವಾದ. ‘ಜೀ’ ಎಂದರೆ ತುತ್ತತುದಿ. ಈ ‘ಜೀ’ ಎಂಬ ಅಕ್ಷರದ ಮೂಲಾರ್ಥವು ಮನೆಯ ಮಾಡಿನ ನಡುವೆ ಎಲ್ಲಕ್ಕಿಂತ ಎತ್ತರದಲ್ಲಿ ಮಲಗಿರುವ ತೊಲೆ. ಆ ತೊಲೆಯಿಂದಲೇ ಮಾಡು ಎರಡು ಕಡೆಗೆ ಇಳಿಯುತ್ತದೆ. ಒಂದು ಕಡೆಗೆ ಬಿಸಿಲು ಬಿದ್ದರೆ ಮತ್ತೊಂದು ಕಡೆ ನೆರಳು. ಚೀನೀಯರ ಪುರಾತನ ಗ್ರಂಥವಾದ ‘ಯೀ ಜಿಂಗ್’ ಎಂಬುದರ ವ್ಯಾಖ್ಯಾನದಲ್ಲಿ, ಈ ಪರಮತತ್ತ್ವದಿಂದ ಯಿನ್ ಮತ್ತು ಯಾಂಗ್ ಎಂಬೆರಡು ಹುಟ್ಟಿದುವೆಂದು ಹೇಳಿದೆ. ನೆರಳು-ಬಿಸಿಲು, ಮೃದು-ಕಠಿನ, ನಿಶ್ಚಲ-ಚಲ ಎಂಬ ಜೋಡಿಗಳೆಲ್ಲ ಇವುಗಳಲ್ಲಿಯೇ ಅಡಕ. ಹನ್ನೊಂದನೆಯ ಶತಮಾನದಲ್ಲಿದ್ದ ಜೋ ದುನ್‌ಯೀ ಎಂಬ ದಾರ್ಶನಿಕನು ಈ ತತ್ತ್ವವನ್ನು ಚಿತ್ರರೂಪದಲ್ಲಿ ವಿವರಿಸಿ ಪ್ರಸಿದ್ಧನಾದನು. ಇನ್ನು ‘ಚ್ವಾನ್’ ಎಂದರೆ ಬಿಗಿದ ಮುಷ್ಟಿ. ಪರತತ್ತ್ವದ ಪಕ್ಕದಲ್ಲಿ ಮುಷ್ಟಿಯನ್ನು ತಂದಿಟ್ಟಿರುವ ಈ ಸಮಾಸವನ್ನು ಕೇಳಿ ವಾಚಕರು ನಕ್ಕರೆ ನಾವು ತಪ್ಪೆಣಿಸುವುದಿಲ್ಲ. ಇಲ್ಲಿಯ ‘ಜೀ’ಗೂ, ಪ್ರಾಣ ಅಥವಾ ಉಸಿರೆಂಬ ಅರ್ಥವುಳ್ಳ ‘ಛೀ’ ಎಂಬ ಬೇರೊಂದು ಚೀನೀ ಪದಕ್ಕೂ ಸಂಬಂಧವಿಲ್ಲವೆಂಬುದನ್ನು ಮಾತ್ರ ನೆನಪಿಡಬೇಕು. ಉಚ್ಚಾರಣೆಯ ಹೋಲಿಕೆಯಿಂದ ಇದನ್ನು ‘ಉಸಿರಿನ ವಿದ್ಯೆ’ ಎಂದು ಅರ್ಥಮಾಡಿದವರು ಅನೇಕರಿದ್ದಾರೆ.

ಈಗ ಬೋಧಿಧರ್ಮನ ವಿಚಾರ. ದಕ್ಷಿಣಭಾರತದಿಂದ ಚೀನಾದೇಶಕ್ಕೆ ಹೋಗಿ ಧ್ಯಾನಮಾರ್ಗವನ್ನು ಬೋಧಿಸಿದ ಬೌದ್ಧ ಭಿಕ್ಷುವೆಂದು ಆ ದೇಶದ ಗ್ರಂಥಗಳು ಈತನನ್ನು ಸ್ತುತಿಸುತ್ತವೆ. ಆದರೆ ಆತನ ಕುರಿತಾದ ಹಳೆಯ ಬರಹಗಳಲ್ಲಿ ಮುಷ್ಟಿವಿದ್ಯೆಯ ಸುಳಿವೇ ಇಲ್ಲ. ಆತನು ಶಾವೊಲಿನ್ ವಿಹಾರದ ಭಿಕ್ಷುಗಳಿಗೆ ವ್ಯಾಯಾಮವನ್ನು ಕಲಿಸಿದನೆಂಬ ಕಥೆಗೆ ಆಧಾರವಾಗಿರುವುದು ‘ಯೀ ಜಿನ್ ಜಿಂಗ್’ ಎಂಬ ಸ್ನಾಯುಸಾಧನೆಯ ಗ್ರಂಥ. ಈ ಗ್ರಂಥವು ಏಳನೆಯ ಶತಮಾನದ್ದೆಂದು ತನ್ನ ಮುನ್ನುಡಿಯಲ್ಲಿ ಹೇಳಿಕೊಳ್ಳುತ್ತದೆಯಾದರೂ, ಅದು ಹದಿನೇಳನೆಯ ಶತಮಾನದಲ್ಲಿ ಹುಟ್ಟಿದ್ದೆಂದೂ, ಮುನ್ನುಡಿಗಳು ಕೃತಕವೆಂದೂ ಚೀನೀ ವಿದ್ವಾಂಸರೇ ತೋರಿಸಿಕೊಟ್ಟಿದ್ದಾರೆ. ಅಷ್ಟೇ ಅಲ್ಲ, ಆ ಕಥೆಯಾದರೂ ಶಾವೊಲಿನ್ ವಿದ್ಯೆಗೆ ಸೇರಿದ್ದು, ತಾಯ್‌ಜೀ ವಿದ್ಯೆಗೆ ಸೇರಿದ್ದಲ್ಲ. ಹೀಗಿರಲು ನಮ್ಮದಲ್ಲದ ಕೀರ್ತಿಯನ್ನು ನಮ್ಮ ಮನೆಗೆ ಹೊತ್ತು ತರುವುದು ನಮಗೆ ಶೋಭಿಸುವ ಕೆಲಸವಲ್ಲ. ನಮ್ಮ ದೇಶವು ಚೀನಾದೇಶಕ್ಕೆ ಕೊಟ್ಟುದು ಬೇಕಾದಷ್ಟುಂಟು. ಕೊಡದೆ ಇದ್ದುದನ್ನು ಲೆಕ್ಕಕ್ಕೆ ಸೇರಿಸುವುದರಿಂದ ಕೊಟ್ಟುದರ ಮೇಲೆಯೂ ಸಂಶಯ ಬರುತ್ತದೆ.

ಚೀನೀಯರು ತಮ್ಮಲ್ಲಿಯೇ ಹೇಳಿಕೊಂಡು ಬಂದ ಕಥೆ ಬೇರೆಯದು. ವೂದಾಂಗ್ ಪರ್ವತದಲ್ಲಿ ಜಾಂಗ್ ಸಾನ್‌ಫೆಂಗ್ ಎಂಬ ತಾವೋಮತದ ಸಿದ್ಧನೊಬ್ಬನು ವಾಸವಾಗಿದ್ದನಂತೆ. ಒಂದು ದಿನ ಹಕ್ಕಿಯೊಂದು ಹಾವಿನ ಮೇಲೆರಗುವುದನ್ನು ಆತನು ಕಂಡನು. ಹಕ್ಕಿ ಕುಕ್ಕಿದಲ್ಲಿ ಹಾವು ಇರಲಿಲ್ಲ. ತಲೆಗೆ ಕುಕ್ಕಿದರೆ ಬಾಲ ಎದ್ದಿತು, ಬಾಲಕ್ಕೆ ಕುಕ್ಕಿದರೆ ತಲೆ ಎದ್ದಿತು. ಮೃದುವಾದುದು ಕಠಿನವಾದುದನ್ನು ಹೇಗೆ ದಣಿಸುತ್ತದೆಂಬುದು ಆತನಿಗೆ ಹೊಳೆದು, ಈ ವಿದ್ಯೆ ಹುಟ್ಟಿತಂತೆ. ಕಥೆ ಸೊಗಸಾಗಿದೆ, ಮಕ್ಕಳಿಗೆ ಹೇಳಲು ಯೋಗ್ಯವಾಗಿದೆ. ಆದರೆ ಈ ಸಿದ್ಧನು ಯಾವ ಕಾಲದವನೆಂಬುದೇ ನಿಶ್ಚಯವಿಲ್ಲ. ಮಿಂಗ್ ವಂಶದ ಯೋಂಗ್‌ಲೆ ಚಕ್ರವರ್ತಿಯು ಹದಿನೈದನೆಯ ಶತಮಾನದ ಆರಂಭದಲ್ಲಿ ಆತನನ್ನು ಹುಡುಕಲು ಜನರನ್ನು ಕಳುಹಿಸಿದನು. ವೂದಾಂಗ್ ಪರ್ವತದಲ್ಲಿ ಭವ್ಯವಾದ ದೇವಾಲಯಗಳನ್ನೂ ಕಟ್ಟಿಸಿದನು. ಸಿದ್ಧನು ಮಾತ್ರ ಸಿಕ್ಕಲಿಲ್ಲ.

ಜಾಂಗ್ ಸಾನ್‌ಫೆಂಗನಿಗೂ ಮುಷ್ಟಿವಿದ್ಯೆಗೂ ಗಂಟುಹಾಕಿದ ಪ್ರಸಿದ್ಧವಾದ ಮೊದಲನೆಯ ಬರಹವು 1669ನೆಯ ಇಸವಿಯದು. ಹ್ವಾಂಗ್ ಜೋಂಗ್‌ಶಿ ಎಂಬ ಮಹಾವಿದ್ವಾಂಸನು, ವಾಂಗ್ ಜೆಂಗ್‌ನಾನ್ ಎಂಬ ಮುಷ್ಟಿಪಟುವು ತೀರಿಕೊಂಡಾಗ ಆತನ ಸಮಾಧಿಗೋಸ್ಕರ ಬರೆದ ಲೇಖವದು. ಶಾವೊಲಿನ್ ವಿದ್ಯೆಯು ‘ಹೊರಗಿನದು’, ಜಾಂಗ್ ಸಾನ್‌ಫೆಂಗನ ವಿದ್ಯೆಯು ‘ಒಳಗಿನದು’ ಎಂಬ ಭೇದವು ಅದರಲ್ಲಿಯೇ ಕಾಣಿಸಿಕೊಂಡಿತು. ಅದರಲ್ಲಿ ತಾಯ್‌ಜೀ ಎಂಬ ಮುಷ್ಟಿವಿದ್ಯೆಯ ಹೆಸರಿಲ್ಲ. ಆಗಿನ ಕಾಲಸ್ಥಿತಿಯನ್ನೂ ನಾವು ಮರೆಯಬಾರದು. 1644ರಲ್ಲಿ ಮಿಂಗ್ ರಾಜ್ಯವು ಅಳಿದು, ಉತ್ತರದಿಂದ ಬಂದ ಮಂಚು ಜನರು ಸಿಂಹಾಸನವನ್ನೇರಿದ್ದರು. ಹ್ವಾಂಗ್ ಜೋಂಗ್‌ಶಿಯು ಅವರನ್ನು ಎದುರಿಸಿ ಸೋತವರಲ್ಲೊಬ್ಬನು. ಒಳಗಿನದು ಹೊರಗಿನದನ್ನು ಗೆಲ್ಲುತ್ತದೆಯೆಂದು ಆತನು ಬರೆದಾಗ, ಅದು ಬರಿಯ ಮುಷ್ಟಿಯ ಮಾತಾಗಿರದೆ ನಾಡಿನ ಮಾತೂ ಆಗಿದ್ದಿರಬಹುದೆಂದು ಕೆಲವು ವಿದ್ವಾಂಸರು ಊಹಿಸುತ್ತಾರೆ.

ಹಾಗಾದರೆ ಈ ವಿದ್ಯೆಯ ನಿಜವಾದ ತವರೂರು ಯಾವುದು? ತಾಂಗ್ ಹಾವ್ ಎಂಬ ಸಂಶೋಧಕರು 1930ರ ದಶಕದ ಆರಂಭದಲ್ಲಿ ಹೆನಾನ್ ಪ್ರಾಂತದ ವೆನ್ ಎಂಬ ಸೀಮೆಗೆ ಪ್ರಯಾಣಮಾಡಿದರು. ಹಳದಿ ನದಿಯ ಉತ್ತರಕ್ಕಿರುವ ಆ ಸೀಮೆಯಲ್ಲಿ ಚೆನ್‌ಜಿಯಾಗೋ ಎಂಬ ಹಳ್ಳಿಯಿದೆ. ಹೆಸರಿನ ಅರ್ಥ ‘ಚೆನ್ ಮನೆತನದವರ ಕೊರಕಲು’ ಎಂದು. ಸುತ್ತಲೂ ಹೊಲಗಳು, ಪರ್ವತವಿಲ್ಲ, ಸಿದ್ಧಾಶ್ರಮವಿಲ್ಲ. ಅಲ್ಲಿಯ ಮನೆತನದ ವಂಶಾವಳಿಯನ್ನು ಓದಿ, ಹದಿನೇಳನೆಯ ಶತಮಾನದಲ್ಲಿದ್ದ ಚೆನ್ ವಾಂಗ್‌ಟಿಂಗ್ ಎಂಬಾತನೇ ಈ ವಿದ್ಯೆಯ ಮೂಲಪುರುಷನೆಂದು ತಾಂಗ್ ಹಾವ್ ನಿರ್ಣಯಿಸಿದರು. ಮಿಂಗ್ ರಾಜ್ಯದ ಕೊನೆಗಾಲದಲ್ಲಿ ಈತನು ತನ್ನ ಸೀಮೆಯ ರಕ್ಷಣಾಪಡೆಯಲ್ಲಿ ಸೇವೆಸಲ್ಲಿಸಿದವನು. ರಾಜ್ಯ ಹೋದ ಮೇಲೆ ಊರಿಗೆ ಹಿಂದಿರುಗಿದನು. ಬೇಸರವಾದಾಗ ಮುಷ್ಟಿಯ ವರಸೆಗಳನ್ನು ಕಟ್ಟುತ್ತ, ಬೇಸಾಯದ ಕಾಲ ಬಂದಾಗ ಹೊಲದಲ್ಲಿ ದುಡಿಯುತ್ತ, ಮಿಕ್ಕ ಹೊತ್ತಿನಲ್ಲಿ ತಾವೋಮತದ ಧ್ಯಾನಗ್ರಂಥವೊಂದನ್ನು ಓದುತ್ತ ಮುಪ್ಪನ್ನು ಕಳೆದೆನೆಂಬ ಅರ್ಥದ ಪದ್ಯವೊಂದು ಈತನ ಹೆಸರಿನಲ್ಲಿದೆ.

ಆತನು ಎಲ್ಲವನ್ನೂ ತಾನೇ ಕಲ್ಪಿಸಿದವನಲ್ಲ. ಆತನಿಗಿಂತ ಮೊದಲು, ಚೀ ಜಿಗ್ವಾಂಗ್ (1528–1588) ಎಂಬ ಮಿಂಗ್ ಸೇನಾಪತಿಯು, ಕಡಲಗಳ್ಳರ ಹಾವಳಿಯನ್ನಡಗಿಸಲು ಸೈನಿಕರನ್ನು ತಯಾರುಮಾಡುವಾಗ ಯುದ್ಧಶಿಕ್ಷಣದ ಗ್ರಂಥವೊಂದನ್ನು ಬರೆದಿದ್ದನು. ನಾನಾ ಪಂಗಡಗಳಿಂದ ಆರಿಸಿದ 32 ಮುಷ್ಟಿಭಂಗಿಗಳನ್ನು ಅದರಲ್ಲಿ ಸೇರಿಸಿದ್ದಾನೆ. ದೊಡ್ಡ ಯುದ್ಧದಲ್ಲಿ ಬರಿಗೈಯಿಂದ ಹೆಚ್ಚು ಉಪಯೋಗವಿಲ್ಲ, ಆದರೂ ಕೈಕಾಲುಗಳು ಚುರುಕಾಗುವುದಕ್ಕೆ ಇದೇ ಮೊದಲ ಮೆಟ್ಟಿಲು ಎಂಬುದು ಆ ಅನುಭವಿಯ ಮತ. ‘ಚಿನ್ನದ ಹುಂಜ ಒಂಟಿಕಾಲಲ್ಲಿ ನಿಲ್ಲುವುದು’, ‘ನಿಲುವಂಗಿಯನ್ನು ಆಲಸ್ಯದಿಂದ ಕಟ್ಟಿಕೊಳ್ಳುವುದು’ ಎಂಬ ಆತನ ಭಂಗಿಗಳ ಹೆಸರುಗಳು ಚೆನ್ ಮನೆತನದ ವರಸೆಗಳಲ್ಲಿ ಇಂದಿಗೂ ಉಳಿದಿವೆ. ಚೆನ್ ವಾಂಗ್‌ಟಿಂಗನೇ ಮೂಲಪುರುಷನೆಂಬ ಮಾತನ್ನೂ ಒಪ್ಪದ ವಿದ್ವಾಂಸರಿದ್ದಾರೆ; ವಾದ ಇನ್ನೂ ಮುಗಿದಿಲ್ಲ. ಆದರೆ ವಿದ್ಯೆಯು ಲೋಕಕ್ಕೆ ಹರಡಿದ್ದು ಆ ಹಳ್ಳಿಯಿಂದಲೇ ಎಂಬುದರಲ್ಲಿ ಹೆಚ್ಚು ಭಿನ್ನಾಭಿಪ್ರಾಯವಿಲ್ಲ.

ಹರಡಿದ ಬಗೆ ಹೇಗೆಂಬುದೇ ನಮ್ಮ ಮನಸ್ಸಿಗೆ ಎಲ್ಲಕ್ಕಿಂತ ಹೆಚ್ಚಾಗಿ ಹಿಡಿಸಿದ ಭಾಗ. ಆ ವಿದ್ಯೆಯು ತಲೆಮಾರುಗಳ ಕಾಲ ಚೆನ್ ಮನೆತನದ ಒಳಗೆಯೇ ಇತ್ತು. ಚೆನ್ ಚಾಂಗ್‌ಶಿಂಗ್ (1771–1853) ಎಂಬ ಗುರುವಿನ ಕಾಲದಲ್ಲಿ ಹೆಬೆಯ್ ಪ್ರಾಂತದ ಯೋಂಗ್‌ನಿಯೆನ್ ಎಂಬ ಊರಿನಿಂದ ಯಾಂಗ್ ಲುಚಾನ್ (1799–1872) ಎಂಬವನು ಬಂದನು. ಮನೆತನದವನಲ್ಲ, ಪ್ರಾಂತದವನೂ ಅಲ್ಲ. ಆತನು ಚೆನ್ನರ ಮನೆಯಲ್ಲಿ ಆಳಾಗಿದ್ದನೆಂದೂ, ರಾತ್ರಿಯ ಹೊತ್ತು ಗೋಡೆಯ ಬಿರುಕಿನಿಂದ ಇಣುಕಿ ವಿದ್ಯೆಯನ್ನು ಕದ್ದನೆಂದೂ, ಸಿಕ್ಕಿಬಿದ್ದಾಗ ಗುರುವು ಆತನ ಕೈಚಳಕಕ್ಕೆ ಮೆಚ್ಚಿ ಶಿಷ್ಯನನ್ನಾಗಿ ಸ್ವೀಕರಿಸಿದನೆಂದೂ ಕಥೆಗಾರರು ವರ್ಣಿಸಿದ್ದಾರೆ. ಅದರಲ್ಲಿ ಕಥೆಯೆಷ್ಟು, ನಿಜವೆಷ್ಟು ಎಂಬುದು ಹಾಗಿರಲಿ. ಹೊರಗಿನವನೊಬ್ಬನಿಗೆ ಆ ಗುರುವು ವಿದ್ಯೆಯನ್ನು ಪೂರ್ಣವಾಗಿ ಧಾರೆಯೆರೆದನೆಂಬುದು ನಿಜ. ಏಕಲವ್ಯನ ಕಥೆಯನ್ನು ಪಾಠ ಹೇಳಿಹೇಳಿ ಬೇಸತ್ತ ನಮ್ಮಂಥ ಉಪಾಧ್ಯಾಯರಿಗೆ, ಹೆಬ್ಬೆರಳನ್ನು ಕೇಳದೆ ವಿದ್ಯೆಯನ್ನು ಕೊಟ್ಟ ಈ ಗುರುವಿನ ಕಥೆ ಎಷ್ಟೋ ಸಮಾಧಾನವನ್ನುಂಟುಮಾಡುತ್ತದೆ.

ಯಾಂಗ್ ಲುಚಾನನು ರಾಜಧಾನಿಯಾದ ಬೀಜಿಂಗಿಗೆ ಹೋಗಿ ಮಂಚು ಪ್ರಭುಗಳ ಮನೆಗಳಲ್ಲಿ ಗುರುವಾದನು. ‘ಎದುರಾಳಿಯಿಲ್ಲದ ಯಾಂಗ್’ ಎಂದು ಬಿರುದು ಪಡೆದನು. ಆತನ ಊರಿನವನೇ ಆದ ವೂ ಯೂಶಿಯಾಂಗ್ (1812–1880) ಎಂಬ ವಿದ್ಯಾವಂತನು ಆತನಿಂದಲೂ, ಅನಂತರ ಚೆನ್ ಮನೆತನದ ಮತ್ತೊಬ್ಬ ಗುರುವಿನಿಂದಲೂ ಕಲಿತನು. ಈತನ ಮನೆತನದಿಂದಲೇ ಈ ವಿದ್ಯೆಯ ಶಾಸ್ತ್ರಗ್ರಂಥಗಳು ಹೊರಬಂದುವು. ಊಯಾಂಗ್ ಎಂಬ ಊರಿನ ಉಪ್ಪಿನಂಗಡಿಯಲ್ಲಿ ಹಳೆಯ ಹಸ್ತಪ್ರತಿಯೊಂದು ಸಿಕ್ಕಿತು, ಬರೆದವನು ವಾಂಗ್ ಜೋಂಗ್‌ಯುವೆ ಎಂಬವನು ಎಂದು ಅವರು ಹೇಳಿದರು. ವೂ ಯೂಶಿಯಾಂಗನೇ ಬರೆದು ಪ್ರಾಚೀನರ ಹೆಸರನ್ನು ಹಾಕಿರಬಹುದೆಂಬ ಸಂದೇಹವೂ ಉಂಟು. ಮುಷ್ಟಿಗೆ ‘ತಾಯ್‌ಜೀ’ ಎಂಬ ಘನವಾದ ಹೆಸರು ಅಂಟಿಕೊಂಡದ್ದೂ ಈ ಹತ್ತೊಂಬತ್ತನೆಯ ಶತಮಾನದ ಬರಹಗಳ ಮೂಲಕವೇ. ರೈತರ ವಿದ್ಯೆಗೆ ಪಂಡಿತರು ಗೋತ್ರಪ್ರವರಗಳನ್ನು ಕಟ್ಟಿದರೆಂದು ಹೇಳಬಹುದು.

1911ರ ಕ್ರಾಂತಿಯ ತರುವಾಯ ಚೀನಾದೇಶದಲ್ಲಿ ಪ್ರಜೆಗಳ ಶರೀರಬಲವನ್ನು ಬೆಳೆಸಬೇಕೆಂಬ ಹಂಬಲ ಹುಟ್ಟಿತು. ಅದುವರೆಗೆ ಗುರುವಿನ ಅಂಗಳದಲ್ಲಿದ್ದ ವಿದ್ಯೆಯು ಸಂಘಸಂಸ್ಥೆಗಳಿಗೂ ಅಚ್ಚಿನ ಪುಸ್ತಕಗಳಿಗೂ ಬಂದಿತು. ಸುನ್ ಲುತಾಂಗ್ ಎಂಬ ಪ್ರವೀಣನು ಶಿಂಗ್‌ಯೀ, ಬಾಗ್ವಾ, ತಾಯ್‌ಜೀ ಎಂಬ ಮೂರನ್ನೂ ಒಂದೇ ಕುಟುಂಬದವೆಂದೆಣಿಸಿ ಗ್ರಂಥಗಳನ್ನು ಬರೆದನು. ‘ಒಳಗಿನ ವಿದ್ಯೆಗಳು’ ಎಂಬ ಹೆಸರು ಈ ಮೂರಕ್ಕೂ ನಿಂತಿತು. ಯಾಂಗ್ ಲುಚಾನನ ಮೊಮ್ಮಗನಾದ ಯಾಂಗ್ ಚೆಂಗ್‌ಫೂ (1883–1936) ಎಂಬವನು, ನೆಗೆತಗಳನ್ನೂ ಹಠಾತ್ತಾದ ಹೊಡೆತಗಳನ್ನೂ ಬಿಟ್ಟು, ಮೊದಲಿನಿಂದ ಕೊನೆಯವರೆಗೂ ಒಂದೇ ಸಮನೆ ಹರಿಯುವ ನಿಧಾನವಾದ ವರಸೆಯನ್ನು ಸ್ಥಿರಪಡಿಸಿದನು. ನಮ್ಮ ವಾಚಕರು ಕಂಡದ್ದು ಬಹುಮಟ್ಟಿಗೆ ಈ ಯಾಂಗ್ ಪದ್ಧತಿಯ ಸಂತಾನವನ್ನು. ಚೆನ್ ಪದ್ಧತಿಯಲ್ಲಿ ನೆಲವನ್ನೊದೆಯುವುದೂ, ಮಿಂಚಿನಂತೆ ಸಿಡಿಯುವುದೂ ಇಂದಿಗೂ ಉಳಿದಿವೆ; ಅದನ್ನು ಚೆನ್ ಫಾಕೆ ಎಂಬವನು 1928ರಲ್ಲಿ ಬೀಜಿಂಗಿಗೆ ಬಂದು ತೋರಿಸಿದನು. 1956ರಲ್ಲಿ ಸರ್ಕಾರದ ಕ್ರೀಡಾಮಂಡಲಿಯು ಯಾಂಗ್ ಪದ್ಧತಿಯನ್ನು 24 ಭಂಗಿಗಳಿಗೆ ಇಳಿಸಿ ಜನಸಾಮಾನ್ಯರಿಗಾಗಿ ಪ್ರಚುರಪಡಿಸಿತು. 2020ರ ಡಿಸೆಂಬರಿನಲ್ಲಿ ಯುನೆಸ್ಕೊ ಸಂಸ್ಥೆಯು ಈ ವಿದ್ಯೆಯನ್ನು ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಯಲ್ಲಿ ಸೇರಿಸಿತು.

ಇನ್ನು ಮೊದಲನೆಯ ಪ್ರಶ್ನೆಗೆ ಬರೋಣ. ಇಷ್ಟು ಮೆಲ್ಲನೆಯದು ಯುದ್ಧವಿದ್ಯೆ ಹೇಗಾದೀತು?

‘ಒಳಗಿನದು’ ಎಂದೊಡನೆ ಮಂತ್ರಶಕ್ತಿಯನ್ನು ಊಹಿಸಬೇಕಾಗಿಲ್ಲ. ಸಾಮಾನ್ಯನು ಒಂದು ಭಾರವನ್ನು ತಳ್ಳುವಾಗ ಭುಜವನ್ನು ಎತ್ತಿ, ಉಸಿರನ್ನು ಬಿಗಿಹಿಡಿದು, ತೋಳಿನ ಬಲದಿಂದ ತಳ್ಳುತ್ತಾನೆ. ಈ ವಿದ್ಯೆಯಲ್ಲಿ ಅದೇ ದೋಷ. ಬಲವು ಪಾದದಿಂದ ಹೊರಟು, ಕಾಲಿನ ಮೂಲಕ ಏರಿ, ಸೊಂಟದಲ್ಲಿ ತಿರುಗಿ, ಕೈಯಲ್ಲಿ ಕಾಣಿಸಿಕೊಳ್ಳಬೇಕು. ದಾರಿಯಲ್ಲಿ ಎಲ್ಲಿಯೂ ಬಿಗಿತವಿರಕೂಡದು. ಬಿಗಿತವೆಂಬುದು ಕಾಲುವೆಗೆ ಅಡ್ಡಬಿದ್ದ ಕಲ್ಲಿನಂತೆ. ಚೀನೀಯರು ಇದಕ್ಕೆ ‘ಸೋಂಗ್’ ಎಂಬ ಮಾತನ್ನು ಹೇಳುತ್ತಾರೆ. ಸಡಿಲಬಿಡುವುದೆಂದು ಅದರ ಅರ್ಥ. ಪತಂಜಲಿಯು ಯೋಗಸೂತ್ರದಲ್ಲಿ ಆಸನದ ಪ್ರಸಂಗದಲ್ಲಿ ‘ಪ್ರಯತ್ನಶೈಥಿಲ್ಯ’ ಎಂದು ಹೇಳಿರುವುದನ್ನು ಸಂಸ್ಕೃತವನ್ನು ಬಲ್ಲ ವಾಚಕರು ಇಲ್ಲಿ ಸ್ಮರಿಸಬಹುದು. ಒಂದರಿಂದ ಮತ್ತೊಂದು ಹುಟ್ಟಿತೆಂದು ನಾವು ಹೇಳುವುದಿಲ್ಲ. ಶರೀರವನ್ನು ಸೂಕ್ಷ್ಮವಾಗಿ ಗಮನಿಸಿದವರಿಗೆ ಎಲ್ಲಿಯಾದರೂ ಒಂದೇ ನಿಜವು ತೋರುವುದು ಸಹಜ. ಇಲ್ಲಿ ಸಡಿಲವೆಂದರೆ ಜೋಲುಬೀಳುವುದಲ್ಲ. ನೆತ್ತಿಗೆ ದಾರ ಕಟ್ಟಿ ಮೇಲಿನಿಂದ ತೂಗುಬಿಟ್ಟಂತೆ ತಲೆ ನೆಟ್ಟಗಿರಬೇಕು. ಭುಜಗಳೂ ಮೊಳಕೈಗಳೂ ಇಳಿದಿರಬೇಕು. ಮನಸ್ಸಿನ ಸಂಕಲ್ಪವು ಮುಂದೆ, ಕೈ ಅದರ ಹಿಂದೆ ಹೋಗಬೇಕು. ಯಾಂಗ್ ಚೆಂಗ್‌ಫೂವು ಹೇಳಿ ಆತನ ಶಿಷ್ಯ ಚೆನ್ ವೆಯ್‌ಮಿಂಗ್ ಬರೆದುಕೊಂಡ ಹತ್ತು ನಿಯಮಗಳಲ್ಲಿ ಇವೆಲ್ಲವೂ ಬರುತ್ತವೆ.

ನಿಧಾನವಾಗಿ ಚಲಿಸುವುದು ಈ ಬಿಗಿತಗಳನ್ನು ಕಂಡುಹಿಡಿಯುವ ಉಪಾಯ. ವೇಗವಾಗಿ ಓದುವ ಬಾಲಕನ ಉಚ್ಚಾರದೋಷಗಳು ಉಪಾಧ್ಯಾಯನ ಕಿವಿಗೆ ಬೀಳದೆ ಜಾರಿಹೋಗುತ್ತವೆ. ಅಕ್ಷರಕ್ಕಕ್ಷರ ನಿಲ್ಲಿಸಿ ಓದಿಸಿದಾಗ ಒಂದೊಂದೂ ಹೊರಬೀಳುತ್ತದೆ. ಹಾಗೆಯೇ ಇಲ್ಲಿ. ಚೆನ್ ಮನೆತನದವರು ಇದನ್ನು ರೇಷ್ಮೆಗೂಡಿನಿಂದ ನೂಲು ತೆಗೆಯುವ ಕೆಲಸಕ್ಕೆ ಹೋಲಿಸುತ್ತಾರೆ. ಆ ಕೆಲಸವನ್ನು ನಮ್ಮ ನಾಡಿನಲ್ಲಿಯೂ ಕಂಡವರು ಅನೇಕರಿದ್ದಾರೆ: ಜಗ್ಗಿದರೆ ಎಳೆ ಹರಿಯುತ್ತದೆ, ಸಡಿಲಬಿಟ್ಟರೆ ಸಿಕ್ಕಾಗುತ್ತದೆ, ಒಂದೇ ಸಮನೆ ಸೆಳೆದರೆ ಮಾತ್ರ ನೂಲು.

ವರಸೆಯ ಭಂಗಿಗಳಿಗೆ ‘ಬಿಳಿಯ ಕೊಕ್ಕರೆ ರೆಕ್ಕೆ ಬಿಚ್ಚುವುದು’, ‘ಮೋಡದಂತೆ ಕೈಯಾಡಿಸುವುದು’, ‘ಒಂಟಿ ಚಾವಟಿ’ ಎಂದು ಹೆಸರುಗಳಿವೆ. ಕಾವ್ಯದಂತೆ ಕೇಳಿಸಿದರೂ ಒಂದೊಂದರೊಳಗೂ ಒಂದು ಪಟ್ಟೋ ಹೊಡೆತವೋ ಅಡಗಿದೆ. ಅವುಗಳ ಬೀಜವಾಗಿರುವುದು ಹದಿಮೂರು ಕ್ರಿಯೆಗಳು. ಎದುರಾಳಿಯ ಬಲವನ್ನು ಉಬ್ಬಿ ತಡೆಯುವುದು, ಹಿಂದಕ್ಕೆ ಜಾರಿಸುವುದು, ಒತ್ತುವುದು, ಅದುಮಿ ತಳ್ಳುವುದು, ಹಿಡಿದು ಕೆಳಕ್ಕೆಳೆಯುವುದು, ತಿರುಚುವುದು, ಮೊಳಕೈಯಿಂದ ತಿವಿಯುವುದು, ಭುಜದಿಂದ ತಾಕುವುದು ಎಂಬ ಎಂಟು ಕೈಯವು. ಮುಂದೆ, ಹಿಂದೆ, ಎಡಕ್ಕೆ, ಬಲಕ್ಕೆ ಹೋಗುವುದು ಮತ್ತು ನಡುವೆ ಸ್ಥಿರವಾಗಿರುವುದು ಎಂಬ ಐದು ಕಾಲಿನವು. ಎಂಟನ್ನು ‘ಯೀ ಜಿಂಗ್’ ಗ್ರಂಥದ ಎಂಟು ರೇಖಾಚಿಹ್ನೆಗಳಿಗೂ, ಐದನ್ನು ಲೋಹ, ಮರ, ನೀರು, ಬೆಂಕಿ, ಮಣ್ಣು ಎಂಬ ಚೀನೀ ಪಂಚತತ್ತ್ವಗಳಿಗೂ ಹೊಂದಿಸುತ್ತಾರೆ.

ಒಬ್ಬನೇ ಮಾಡುವ ವರಸೆಯು ವ್ಯಾಕರಣವಾದರೆ, ಇಬ್ಬರು ಕೂಡಿ ಮಾಡುವ ‘ತುಯ್‌ಶೋ’ ಎಂಬ ಅಭ್ಯಾಸವು ಸಂಭಾಷಣೆ. ಇಬ್ಬರು ಎದುರುಬದುರಾಗಿ ನಿಂತು ಮಣಿಕಟ್ಟಿಗೆ ಮಣಿಕಟ್ಟು ತಾಗಿಸುತ್ತಾರೆ. ಒಬ್ಬನು ತಳ್ಳುತ್ತಾನೆ, ಮತ್ತೊಬ್ಬನು ಎದುರಿಸದೆ, ಸೊಂಟವನ್ನು ತಿರುಗಿಸಿ ಆ ಬಲಕ್ಕೆ ದಾರಿ ಬಿಡುತ್ತಾನೆ. ತಳ್ಳಿದವನು ತನ್ನ ಬಲದಿಂದ ತಾನೇ ಮುಗ್ಗರಿಸುತ್ತಾನೆ. ಇಲ್ಲಿ ತಪ್ಪುಗಳು ಎರಡು: ಎದುರೊತ್ತುವುದು ಒಂದು, ಹೆದರಿ ಸ್ಪರ್ಶವನ್ನು ಬಿಟ್ಟುಬಿಡುವುದು ಮತ್ತೊಂದು. ಎದುರಾಳಿಯ ಉದ್ದೇಶವನ್ನು ಚರ್ಮದಿಂದಲೇ ಅರಿಯುವುದನ್ನು ಅವರು ‘ಬಲವನ್ನು ಕೇಳುವುದು’ ಎನ್ನುತ್ತಾರೆ. ಎಷ್ಟು ಅರ್ಥವತ್ತಾದ ಮಾತು! ಮನೆಯೊಳಗಿನ ವಾಗ್ವಾದಗಳಲ್ಲಿಯೂ ನಾವು ಮಾಡುವ ತಪ್ಪುಗಳು ಈ ಎರಡೇ ಅಲ್ಲವೇ: ಒಂದೋ ಎದುರೊತ್ತುವುದು, ಇಲ್ಲವೇ ಎದ್ದುಹೋಗುವುದು.

ಆದರೂ ಸತ್ಯವನ್ನು ಮರೆಮಾಚಬಾರದು. ವರಸೆಯೊಂದನ್ನೇ ನಿಧಾನವಾಗಿ ಮಾಡುವವನು ಎಷ್ಟು ವರ್ಷ ಮಾಡಿದರೂ ಕಾದಾಟಕ್ಕೆ ಸಿದ್ಧನಾಗುವುದಿಲ್ಲ. 1954ರ ಜನವರಿಯಲ್ಲಿ ಮಕಾವು ಪಟ್ಟಣದಲ್ಲಿ ವೂ ಗೋಂಗ್‌ಯೀ ಎಂಬ, ಐವತ್ತು ದಾಟಿದ ತಾಯ್‌ಜೀ ಗುರುವಿಗೂ, ಆತನಿಗಿಂತ ಕಿರಿಯನಾದ ಬಿಳಿಕೊಕ್ಕರೆ ಪದ್ಧತಿಯ ಗುರುವೊಬ್ಬನಿಗೂ ಬಹಿರಂಗವಾದ ಪಂದ್ಯವೊಂದು ನಡೆಯಿತು. ಬಂದ ಹಣ ಧರ್ಮಕಾರ್ಯಕ್ಕೆ. ಜನರು ಮೋಡದಂಥ ಕೈಗಳನ್ನು ನಿರೀಕ್ಷಿಸಿದ್ದರು; ಕಂಡದ್ದು ಸಾಮಾನ್ಯವಾದ ಗುದ್ದಾಟ ಮತ್ತು ರಕ್ತ ಸುರಿಯುವ ಮೂಗು. ಎರಡನೆಯ ಸುತ್ತಿನಲ್ಲಿಯೇ ಪಂಚರು ನಿಲ್ಲಿಸಿ, ಗೆಲವೂ ಇಲ್ಲ, ಸೋಲೂ ಇಲ್ಲ, ಸಮವೂ ಇಲ್ಲ ಎಂದು ವಿಚಿತ್ರವಾದ ತೀರ್ಪನ್ನು ಕೊಟ್ಟರು. ಆ ಪಂದ್ಯದ ಗದ್ದಲದಲ್ಲಿಯೇ ಲಿಯಾಂಗ್ ಯೂಶೆಂಗ್ ಎಂಬ ಲೇಖಕನು ಹಾಂಗ್‌ಕಾಂಗಿನ ಪತ್ರಿಕೆಯೊಂದರಲ್ಲಿ ವೀರಕಥೆಯೊಂದನ್ನು ಧಾರಾವಾಹಿಯಾಗಿ ಬರೆಯತೊಡಗಿದನು. ಅದರಿಂದ ಹೊಸದೊಂದು ಕಾದಂಬರಿಪ್ರಪಂಚವೇ ಬೆಳೆಯಿತು. ಕದನವು ಕೆಲವು ನಿಮಿಷ, ಕಥೆಯು ಹಲವು ದಶಕ! ಈ ವಿದ್ಯೆಯ ಚರಿತ್ರೆಯಲ್ಲಿ ಹೆಜ್ಜೆಹೆಜ್ಜೆಗೂ ನಡೆದಿರುವುದು ಇದೇ.

ಕಡೆಯ ಪ್ರಶ್ನೆ, ನಮ್ಮಂಥ ವಯಸ್ಸಾದವರದು. ಇಲ್ಲಿ ಕಥೆಗಳ ಅಗತ್ಯವಿಲ್ಲ. ಎಣಿಸಿ ನೋಡಿದ ಫಲಗಳೇ ಇವೆ. 1996ರಲ್ಲಿ ಪ್ರಕಟವಾದ, ಅಮೆರಿಕಾದ ಅಟ್ಲಾಂಟಾ ನಗರದ ಪರೀಕ್ಷೆಯೊಂದರಲ್ಲಿ ಎಪ್ಪತ್ತು ಮತ್ತು ಅದಕ್ಕೂ ಮೇಲ್ಪಟ್ಟ ವಯಸ್ಸಿನ 200 ಮಂದಿಯನ್ನು ಮೂರು ಗುಂಪುಮಾಡಿ, ಒಂದು ಗುಂಪಿಗೆ 15 ವಾರ ತಾಯ್‌ಜೀಯನ್ನು ಕಲಿಸಿದರು. ಮತ್ತೆ ಮತ್ತೆ ಬೀಳುವ ಅಪಾಯವು ಆ ಗುಂಪಿನಲ್ಲಿ ಶೇಕಡಾ 47.5ರಷ್ಟು ತಗ್ಗಿತು. 2012ರಲ್ಲಿ ಪ್ರಕಟವಾದ ಮತ್ತೊಂದು ಪರೀಕ್ಷೆಯಲ್ಲಿ ಪಾರ್ಕಿನ್ಸನ್ ಎಂಬ ಕಂಪರೋಗದಿಂದ ನರಳುವ 195 ಮಂದಿಯಿದ್ದರು. ವಾರಕ್ಕೆ ಎರಡು ಸಲದಂತೆ 24 ವಾರ ಅಭ್ಯಾಸಮಾಡಿದವರಲ್ಲಿ ನಿಲುವು ಸ್ಥಿರವಾಯಿತು. ಬರಿಯ ಮೈಚಾಚುವ ವ್ಯಾಯಾಮವನ್ನು ಮಾಡಿದವರಿಗಿಂತ ಅವರು ಬಿದ್ದದ್ದು ಕಡಮೆ. ರೋಗ ವಾಸಿಯಾಯಿತೆಂದು ಯಾರೂ ಹೇಳಲಿಲ್ಲ, ನಾವೂ ಹೇಳುವುದಿಲ್ಲ. ಇದರಿಂದ ಸಕ್ಕರೆರೋಗ ಹೋಗುತ್ತದೆ, ಹೃದಯರೋಗ ಹೋಗುತ್ತದೆ, ಔಷಧವನ್ನು ಬಿಡಿ ಎಂದು ಹೇಳುವವರ ಬಳಿಗೆ ಹೋಗಲೇಬಾರದು.

ಬೀಳುವುದು ಸಣ್ಣ ವಿಷಯವೆಂದು ಎಳೆಯರು ಎಣಿಸುತ್ತಾರೆ. ಮುಪ್ಪಿನ ಮನೆಗಳಿಗೆ ಅದರ ಭಾರ ತಿಳಿದಿದೆ. ಬಚ್ಚಲಿನ ಒದ್ದೆ ಕಲ್ಲಿನ ಮೇಲೋ ಹೊಸಲನ್ನು ದಾಟುವಾಗಲೋ ಒಂದು ಕ್ಷಣ ಕಾಲು ಜಾರಿದರೆ ಸಾಕು. ತೊಡೆಯ ಮೂಳೆ ಮುರಿಯುತ್ತದೆ, ಹಾಸಿಗೆ ಹಿಡಿಯುತ್ತಾರೆ, ಮನೆಯನ್ನಾಳಿದ ತಾಯಿಯು ಒಂದು ಲೋಟ ನೀರಿಗೆ ಸೊಸೆಯನ್ನು ಕೂಗಬೇಕಾಗುತ್ತದೆ. ಎಲುಬಿನ ನೋವಿಗಿಂತ ಆ ಪರಾಧೀನತೆಯ ನೋವು ದೊಡ್ಡದು. ಒಮ್ಮೆ ಬಿದ್ದವರು ಮತ್ತೆ ಬೀಳುವ ಭಯದಿಂದ ನಡೆಯುವುದನ್ನೇ ಕಡಮೆಮಾಡುತ್ತಾರೆ; ನಡೆಯದೆ ಕಾಲು ಸೊರಗುತ್ತದೆ; ಸೊರಗಿದ ಕಾಲು ಮತ್ತೆ ಬೀಳಿಸುತ್ತದೆ.

ತಾಯ್‌ಜೀ ವಿದ್ಯೆಯ ‘ಬರಿದು’ ಮತ್ತು ‘ತುಂಬಿದ್ದು’ ಎಂಬ ವಿವೇಚನೆಯು ಈ ಸುಳಿಯನ್ನು ಮುರಿಯಲು ನೆರವಾಗುತ್ತದೆ. ಮೈಭಾರವನ್ನು ಹೊತ್ತ ಕಾಲು ತುಂಬಿದ್ದು. ಹೊರದ ಕಾಲು ಬರಿದು. ಸಾಮಾನ್ಯವಾಗಿ ನಾವು ಮುಂದಿನ ಕಾಲು ನೆಲವನ್ನು ಮುಟ್ಟುವ ಮೊದಲೇ ಮೈಯನ್ನು ಅದರ ಮೇಲೆ ಎಸೆದುಬಿಡುತ್ತೇವೆ. ಈ ವಿದ್ಯೆಯಲ್ಲಿ ಹಾಗಲ್ಲ. ಬೆಕ್ಕಿನಂತೆ ಮೊದಲು ಬರಿದಾದ ಕಾಲನ್ನು ಮೆಲ್ಲಗೆ ಮುಂದಿಟ್ಟು, ಹಿಮ್ಮಡಿಯಿಂದ ನೆಲವನ್ನು ಅರಿತು, ಅನಂತರ ಭಾರವನ್ನು ನೀರು ಸುರಿದಂತೆ ಅದಕ್ಕೆ ಸುರಿಯಬೇಕು. ನೆಲ ಜಾರುವಂತಿದ್ದರೆ, ಭಾರವಿನ್ನೂ ಹಿಂದಿನ ಕಾಲಿನಲ್ಲಿರುವುದರಿಂದ, ಮುಂದಿಟ್ಟ ಕಾಲನ್ನು ಹಿಂದಕ್ಕೆ ತೆಗೆದುಕೊಳ್ಳಬಹುದು.

ಅಭ್ಯಾಸವನ್ನು ಬಲ್ಲವರಿಂದ ಕಲಿಯುವುದೇ ಲೇಸು. ಪುಸ್ತಕವನ್ನು ನೋಡಿ ಈಜು ಕಲಿತವರಿಲ್ಲ. ಆದರೆ ಇದೊಂದನ್ನು ಮನೆಯಲ್ಲಿಯೂ ಮಾಡಿ ನೋಡಬಹುದು. ಗೋಡೆಯ ಪಕ್ಕದಲ್ಲಿ ಅಥವಾ ಭಾರವಾದ ಕುರ್ಚಿಯ ಬೆನ್ನನ್ನು ಹಿಡಿದು, ಪಾದಗಳ ನಡುವೆ ಭುಜದಷ್ಟು ಅಗಲ ಬಿಟ್ಟು ನಿಲ್ಲಬೇಕು. ಮಂಡಿಗಳನ್ನು ಸ್ವಲ್ಪವೇ ಸಡಿಲಬಿಟ್ಟು, ಉಸಿರನ್ನು ಅದರ ಪಾಡಿಗೆ ಬಿಡಬೇಕು. ಭಾರವನ್ನು ಮೆಲ್ಲನೆ ಎಡಗಾಲಿಗೆ ತಂದು, ಬಲಗಾಲು ಎತ್ತಬಹುದಾದಷ್ಟು ಬರಿದಾಯಿತೇ ಎಂದು ನೋಡಬೇಕು. ಅನಂತರ ಹಾಗೆಯೇ ಬಲಕ್ಕೆ. ಮಂಡಿಯು ಕಾಲ್ಬೆರಳುಗಳ ದಿಕ್ಕನ್ನು ಬಿಟ್ಟು ಒಳಕ್ಕೆ ವಾಲಬಾರದು, ಬೆರಳುಗಳನ್ನು ಮೀರಿ ಮುಂದಕ್ಕೂ ಹೋಗಬಾರದು. ಎಳೆಯರಂತೆ ತಗ್ಗಿ ನಿಲ್ಲುವ ಹಠ ಬೇಡ. ನೋವು ಬಂದರೆ ನಿಲ್ಲಿಸಬೇಕು; ತಲೆಸುತ್ತು, ಹೃದಯದ ತೊಂದರೆ, ಕೀಲುನೋವುಗಳಿರುವವರು ವೈದ್ಯರನ್ನು ಕೇಳದೆ ತೊಡಗಬಾರದು. ದಿನಕ್ಕೆ ಹತ್ತು ನಿಮಿಷ ಸಾಕು. ಆದರೆ ಬಿಡದೆ ದಿನವೂ ಮಾಡಬೇಕು.

‘ಅಭ್ಯಾಸ’ ಎಂಬ ಮಾತಿನೊಳಗೆ ಎಸೆಯುವುದೆಂಬ ಅರ್ಥದ ಧಾತುವಿದೆ. ಒಂದರ ಕಡೆಗೆ ತನ್ನನ್ನು ಮತ್ತೆ ಮತ್ತೆ ಎಸೆದುಕೊಳ್ಳುವುದೇ ಅಭ್ಯಾಸ. ತಾಯ್‌ಜೀ ವಿದ್ಯೆಯನ್ನು ಇಂದಿನವರೆಗೆ ಉಳಿಸಿದ್ದು ಇದೇ. ಸಿದ್ಧನೂ ಅಲ್ಲ, ಹಾವುಹಕ್ಕಿಗಳೂ ಅಲ್ಲ, ಉಪ್ಪಿನಂಗಡಿಯ ಹಸ್ತಪ್ರತಿಯೂ ಅಲ್ಲ. ಹೊಲದ ಕೆಲಸ ಮುಗಿಸಿ ಅಂಗಳದಲ್ಲಿ ವರಸೆಯನ್ನು ತಿದ್ದಿಕೊಂಡ ರೈತರೂ, ಪರಸ್ಥಳದವನೆಂದು ಹೊರಗಟ್ಟದೆ ಯಾಂಗ್ ಲುಚಾನನಿಗೆ ಕಲಿಸಿದ ಗುರುವೂ, ಈ ದಿನ ಬೆಳಗ್ಗೆ ಯಾವುದೋ ಉದ್ಯಾನದಲ್ಲಿ ಮೋಡದಂತೆ ಕೈಯಾಡಿಸಿದ ಹೆಸರಿಲ್ಲದ ಅಜ್ಜಿಯೂ ಅದನ್ನು ಉಳಿಸಿದವರು. ಕಾಗದ ಬರೆದ ನಮ್ಮ ಗೃಹಸ್ಥರು ಬೋಧಿಧರ್ಮನ ವಿಷಯವನ್ನು ಕೇಳಿ ಸ್ವಲ್ಪ ಖಿನ್ನರಾಗಬಹುದು. ಅವರು ನಾಳೆ ಬೆಳಗ್ಗೆ ಗೋಡೆಯ ಪಕ್ಕದಲ್ಲಿ ನಿಂತು, ಮೊಮ್ಮಗನನ್ನೂ ಪಕ್ಕದಲ್ಲಿ ನಿಲ್ಲಿಸಿಕೊಂಡು, ಒಂದು ಕಾಲಿನಿಂದ ಮತ್ತೊಂದಕ್ಕೆ ಭಾರವನ್ನು ಸಾಗಿಸಿ ನೋಡಲಿ. ಒಂದು ತಿಂಗಳ ತರುವಾಯ ಹೇಗಿದೆಯೆಂದು ನಮಗೆ ಇನ್ನೊಂದು ಕಾಗದವನ್ನು ಬರೆಯಲೆಂದು ಅವರಲ್ಲಿ ನಮ್ಮ ಅರಿಕೆ.